ಹದಿನಾಲ್ಕು ತಿಂಗಳು ದೇವರ ಗೂಡಿನಲ್ಲಿ

ಬೆಳಿಗ್ಗೆ ಸಕಲೇಶಪುರದ ಕಡೆಯ ಹೆಂಗಸೊಬ್ಬರು ಹಾಸನದ ನನ್ನ ಕಚೇರಿಗೆ ಬಂದಿದ್ದರು. ಬಟ್ಟೆ ಅಂಗಡಿಯ ಕವರಿನಲ್ಲಿ ಪಾಲಿಸಿ, ಮರಣ ಪ್ರಮಾಣಪತ್ರ, ಕುಂಕುಮ ಹತ್ತಿದ ಒಂದು ಲಕೋಟೆ. ಗಂಡ ತೋಟದಲ್ಲೇ ಕುಸಿದು ಹೋದವರು. ಸಕ್ಕರೆ ಕಾಯಿಲೆ ಮುಚ್ಚಿಟ್ಟಿದ್ದರೆಂದು ವಿಮಾ ಕಂಪನಿ ಹಣ ಕೊಡಲು ನಿರಾಕರಿಸಿದೆ, ಅದೂ ಎರಡು ಪುಟ ಇಂಗ್ಲಿಷಿನಲ್ಲಿ. ಅರ್ಜಿ ತುಂಬಿದ್ದು ಏಜೆಂಟ್. ಕೆಳಗಿನ ಸಹಿಯೊಂದು ಮಾತ್ರ ಗಂಡನದು, ಅಡ್ಡಾದಿಡ್ಡಿ ಕನ್ನಡದಲ್ಲಿ.

ನಾನು ಮೊದಲು ನೋಡಿದ್ದು ತಾರೀಖು. ಪಾಲಿಸಿಗೆ 4 ವರ್ಷ ದಾಟಿತ್ತು, ಒಂದು ಕಂತೂ ತಪ್ಪಿರಲಿಲ್ಲ. 1938ರ ವಿಮಾ ಕಾಯ್ದೆಯ 45ನೇ ಕಲಮಿನ ಪ್ರಕಾರ, 3 ವರ್ಷ ತುಂಬಿದ ಜೀವ ವಿಮೆಯನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ಪತ್ರ ಬರೆದವರಿಗೆ ಇದು ಗೊತ್ತಿಲ್ಲವೇ? ಚೆನ್ನಾಗಿಯೇ ಗೊತ್ತು. ಇಂಥ ಪತ್ರ ಕೈಗೆ ಬಂದರೆ ಹೆಚ್ಚಿನವರು ಹಣೆಬರಹವೆಂದು ಸುಮ್ಮನಾಗುತ್ತಾರೆ ಎಂಬುದೂ ಗೊತ್ತಿರಬೇಕು ಎಂದು ನನ್ನ ಗುಮಾನಿ.

ಗ್ರಾಹಕರ ಆಯೋಗಕ್ಕೆ ದೂರು ಕೊಡಲು 2 ವರ್ಷದ ಗಡುವು. ಇವರು ಲಕೋಟೆಯನ್ನು ದೇವರ ಗೂಡಿನಲ್ಲಿಟ್ಟು 14 ತಿಂಗಳು ಕೈಮುಗಿದಿದ್ದಾರೆ!

“ಫೀಸು ಎಷ್ಟಾಗುತ್ತದೆ ಸಾರ್?” ಎಂದು ಕೇಳಿದರು. ಮೊದಲು ಕಾಫಿ ಕುಡಿಯಿರಿ ಎಂದೆ. ತೋಟದ ಮನೆಯವರು; ಪಕ್ಕದ ಹೋಟೆಲಿನ ಕಾಫಿಯನ್ನು ಒಂದು ಗುಟುಕು ಕುಡಿದು, ಮೆಲ್ಲಗೆ ಪಕ್ಕಕ್ಕಿಟ್ಟರು.