ಚಿಕ್ಕಮಗಳೂರಿನಲ್ಲಿ ರಾಜಕಾಲುವೆಯ ಜಾಡು ಹಿಡಿದು

ಮುಳ್ಳಯ್ಯನಗಿರಿಯ ಬಗ್ಗೆ ನನಗೆ ಹೇಳಲು ಹೆಚ್ಚೇನೂ ಇಲ್ಲ. 1,930 ಮೀಟರ್ ಎತ್ತರದ ಆ ಶಿಖರದ ದಾರಿಯಲ್ಲಿ, ಭಾನುವಾರದ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡೆವು. ಸಾಲದ್ದಕ್ಕೆ ಬಾಡಿಗೆ ಜೀಪಿನವನು ಕಾದ ಹೊತ್ತಿಗೂ ದುಡ್ಡು ವಸೂಲು ಮಾಡಿದ. ಹೋಗುವವರು ವಾರದ ನಡುವೆ ಹೋಗಿ, ಬಾಡಿಗೆಯನ್ನು ಹತ್ತುವ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಮನಸ್ಸಿನಲ್ಲಿ ನಿಂತದ್ದು ಊರೊಳಗಿನ ನಡಿಗೆ. ಕೆರೆ, ಉದ್ಯಾನಗಳ ಒತ್ತುವರಿಯ ವಿರುದ್ಧ ಅರ್ಜಿ ಬರೆಯುವುದನ್ನೇ ನಿತ್ಯದ ಕೆಲಸ ಮಾಡಿಕೊಂಡಿರುವ ನಿವೃತ್ತ ಮೇಷ್ಟ್ರೊಬ್ಬರನ್ನು ಸ್ನೇಹಿತರು ರತ್ನಗಿರಿ ಬೋರೆಯ ಮಹಾತ್ಮ ಗಾಂಧಿ ಉದ್ಯಾನದಲ್ಲಿ ಪರಿಚಯಿಸಿದರು. ಅವರು ಚೀಲದಿಂದ ಹಳೆಯ ಗ್ರಾಮ ನಕ್ಷೆಯೊಂದನ್ನು ತೆಗೆದು ಕಲ್ಲುಬೆಂಚಿನ ಮೇಲೆ ಹರಡಿದರು. ಮಡಿಕೆಗಳಲ್ಲಿ ಹರಿದಿದ್ದ ಕಡೆ ಟೇಪು ಅಂಟಿಸಿ, ನೀರಿನ ಜಾಡಿನ ಮೇಲೆಲ್ಲ ನೀಲಿ ಪೆನ್ಸಿಲ್ ಎಳೆದಿದ್ದರು.

"ಈ ಬೆಟ್ಟಗಳಲ್ಲಿ ಬಿದ್ದ ಮಳೆ ಎರಡು ಕಡೆ ಹೋಗುತ್ತೆ ಸರ್. ಯಗಚಿಗೆ ಇಳಿದದ್ದು ಬೇಲೂರು ದಾಟಿ, ಹೇಮಾವತಿ ಸೇರಿ, ಕಾವೇರಿಗೆ. ವೇದಾವತಿಗೆ ಇಳಿದದ್ದು ತುಂಗಭದ್ರೆಯ ಮೂಲಕ ಕೃಷ್ಣೆಗೆ. ಅಷ್ಟು ದೂರ ಹೋಗುವ ನೀರಿಗೆ ನಮ್ಮ ಪೇಟೆಯಲ್ಲೇ ದಾರಿ ಬಿಟ್ಟಿಲ್ಲ ನೋಡಿ."

ನೀಲಿ ಗೆರೆ ಹಿಡಿದು ಪೇಟೆಯಂಚಿನ ಕೆರೆಯೊಂದರತ್ತ ನಡೆದೆವು. ನಕ್ಷೆಯಲ್ಲಿ ಅಗಲವಾಗಿದ್ದ ರಾಜಕಾಲುವೆ, ಅಂದರೆ ಮಳೆನೀರನ್ನು ಕೆರೆಗೆ ಒಯ್ಯುವ ದೊಡ್ಡ ಕಾಲುವೆ, ಒಂದೆಡೆ ಕಟ್ಟಡದ ಅವಶೇಷಗಳಡಿ ಹೂತು, ಇನ್ನೊಂದೆಡೆ ಕಾಂಪೌಂಡ್ ಗೋಡೆಯ ಕೆಳಗಿನ ಸಿಮೆಂಟ್ ಪೈಪಿನಲ್ಲಿ ನುಸುಳುತ್ತಿತ್ತು. ಕೆರೆ ಏರಿಯ ಮೇಲೆ ಮಾತ್ರ ಅಲಂಕಾರದ ದೀಪ, ಇಂಟರ್‌ಲಾಕ್ ಟೈಲ್ಸ್! ಮರಗಳ ಬುಡಕ್ಕೆ ಬೊಗಸೆ ಮಣ್ಣೂ ಬಿಡದೆ ಟೈಲ್ಸ್ ಹಾಸುವ ಈ ಚಾಳಿ ನನಗೆ ಎಲ್ಲಿ ಕಂಡರೂ ರೇಗುತ್ತದೆ. "ದೀಪ ಹಾಕಿದರೆ ಫೋಟೊ ಚೆನ್ನಾಗಿ ಬರುತ್ತೆ, ನೀರು ಬರೋಲ್ಲ" ಎಂದು ಮೇಷ್ಟ್ರು ನಕ್ಕರು.

ಅವರ ಅರ್ಜಿಗಳಲ್ಲಿ "ಕೆರೆ ಉಳಿಸಿ" ಎಂಬ ಕೂಗು ಇರುವುದಿಲ್ಲ. ಸರ್ವೆ ನಂಬರ್, ವಿಸ್ತೀರ್ಣ ಬರೆದು ಹದ್ದುಬಸ್ತು ಮಾಡಿಕೊಡಿ, ಅಂದರೆ ಅಳೆದು ಗಡಿ ಗುರುತಿಸಿಕೊಡಿ ಎಂದು ಕೇಳುತ್ತಾರೆ. ಉದ್ಯಾನವಾದರೆ 1985ರ ಉದ್ಯಾನ, ಆಟದ ಬಯಲುಗಳ ಕಾಯಿದೆಯನ್ನೂ, ಕೆರೆಯಾದರೆ 2014ರ ಕೆರೆ ಸಂರಕ್ಷಣಾ ಪ್ರಾಧಿಕಾರದ ಕಾಯಿದೆಯನ್ನೂ ಲಗತ್ತಿಸುತ್ತಾರೆ. ಬೇಡಿಕೊಂಡರೆ ಕಡತ ಕದಲುವುದಿಲ್ಲ, ಅಳತೆ ಕೇಳಿದರೆ ಯಾರಾದರೊಬ್ಬರು ಉತ್ತರ ಬರೆಯಲೇಬೇಕಾಗುತ್ತದೆ ಎಂಬುದು ಅವರ ಅನುಭವ. ಹಾಗೆ ಅಳೆದು ನೆಟ್ಟ ಗಡಿಕಲ್ಲೊಂದನ್ನು ಲಂಟಾನದ ಪೊದೆ ಸರಿಸಿ ತೋರಿಸಿದರು.

ವಿರೋಧ ಬರಲಿಲ್ಲವೇ ಎಂದು ಕೇಳಿದೆ.

"ಒತ್ತುವರಿ ಮಾಡಿದವರಲ್ಲಿ ನನ್ನ ಹತ್ತಿರ ಓದಿದವರೂ ಇದ್ದಾರೆ. ಎದುರಿಗೆ ಸಿಕ್ಕರೆ ನಮಸ್ಕಾರ ಮೇಷ್ಟ್ರೇ ಅಂತಾರೆ, ಗೋಡೆ ಮಾತ್ರ ತೆಗೆಯೋಲ್ಲ" ಎಂದವರು, ಮುಂದಿನ ಅರ್ಜಿಯ ಕರಡನ್ನು ನನ್ನ ಕೈಗಿತ್ತು, ಸರ್ವೆ ನಂಬರ್‌ಗಳನ್ನು ನಕ್ಷೆಯೊಂದಿಗೆ ತಾಳೆ ನೋಡಿಕೊಡಲು ಅಲ್ಲೇ ಏರಿಯ ಮೇಲೆ ಕೂರಿಸಿದರು.