ಕೆರೆದು ತೆಗೆದ ಮೇಲೆ ಗೊತ್ತಾದ ಸ್ನಾಯುಗಳು

ಅನಾಟಮಿ ವಿಭಾಗಕ್ಕೆ ಡೆಮಾನ್‌ಸ್ಟ್ರೇಟರ್ ಆಗಿ, ಅಂದರೆ ಮೃತದೇಹ ಬಿಡಿಸಿ ಅದರ ರಚನೆ ತೋರಿಸುವ ಕೆಲಸಕ್ಕೆ, ಸೇರಿದ ಮೊದಲ ವರ್ಷದ ಮಾತು. ಮರುದಿನ ವಿದ್ಯಾರ್ಥಿಗಳಿಗೆ ಬೆನ್ನುಹುರಿ ತೋರಿಸಬೇಕಿತ್ತು. ಹುರಿ ಕಾಣಬೇಕಾದರೆ ಕಶೇರುಕಗಳ ಹಿಂಬದಿಯ ಮೂಳೆಫಲಕವನ್ನು, ಅಂದರೆ ಲ್ಯಾಮಿನಾ, ಕತ್ತರಿಸಬೇಕು, ಅದಕ್ಕೂ ಮೊದಲು ಅದರ ಮೇಲಿನ ಮಾಂಸ ತೆರವಾಗಬೇಕು. ಸಂಜೆ ಕೂತು ಬೆನ್ನುಮೂಳೆಯ ಎರಡೂ ಬದಿಯ ತೋಡನ್ನು ಮೂಳೆ ಹೊಳೆಯುವಂತೆ ಕೆರೆದಿಟ್ಟೆ.

ಬೆಳಿಗ್ಗೆ ಪ್ರೊಫೆಸರ್ ಮೇಡಂ ಬಂದು ನೋಡಿದರು. "ಕ್ಲೀನ್ ಆಗಿದೆ. ರೊಟೇಟರ್ಸ್ ಯಾವ ಕಡೆ ಬಿಟ್ಟಿದ್ದೀರಿ?"

ರೊಟೇಟರ್ಸ್ ಅಂದರೆ ಬೆನ್ನುಮೂಳೆಗೆ ಅಂಟಿಕೊಂಡಂತೆ ಆಳದಲ್ಲಿರುವ ಪುಟ್ಟ ಸ್ನಾಯುಗಳು. ಯಾವ ಕಡೆಯೂ ಬಿಟ್ಟಿರಲಿಲ್ಲ. ದೇಹದಾನ ಮಾಡಿದವರ ಒಂದು ಚೂರನ್ನೂ ನಾವು ಎಸೆಯುವುದಿಲ್ಲ, ಕೊನೆಯ ಸಂಸ್ಕಾರಕ್ಕೆಂದು ತೆಗೆದಿಡುತ್ತೇವೆ. ಹಾಗಾಗಿ ಆ ಸ್ನಾಯುಗಳು ಡಬ್ಬಿಯಲ್ಲಿದ್ದವು, ಆದರೆ ಎಲ್ಲಿಂದ ಎಲ್ಲಿಗೆ ಹೋಗುತ್ತಿದ್ದವು ಎಂದು ತೋರಿಸುವ ದಾರಿ ಉಳಿದಿರಲಿಲ್ಲ. ಒಬ್ಬರು ತಮ್ಮ ದೇಹವನ್ನೇ ಕೊಟ್ಟು ಹೋಗಿದ್ದಾರೆ, ಅದರಲ್ಲಿ ಕಲಿಯಬೇಕಾದ್ದನ್ನೇ ನಾನು ಅಳಿಸಿಬಿಟ್ಟಿದ್ದೇನೆ ಎಂಬ ನೋವು ಇವತ್ತಿಗೂ ಇದೆ.

ಮೇಡಂ ಬೈಯಲಿಲ್ಲ. ಬೆನ್ನು ಇನ್ನೂ ತೆರೆಯದ ಪಕ್ಕದ ಟೇಬಲ್ಲಿಗೆ ಕರೆದುಕೊಂಡು ಹೋದರು. "ಹೆಸರು ಆಮೇಲೆ. ಎಳೆ ಯಾವ ಕಡೆ ಹೋಗ್ತಿದೆ, ಅದನ್ನ ಹೇಳಿ."

ಮೇಲ್ಪದರದ ಸ್ನಾಯುಗಳಾದ ಟ್ರೆಪೀಜಿಯಸ್, ಲ್ಯಾಟಿಸಿಮಸ್ ಬೇಗ ಮುಗಿದವು. ಬೆನ್ನಿನ ಮೇಲೆ ಹಾಸಿಕೊಂಡಿದ್ದರೂ ಅವು ಭುಜ, ತೋಳಿಗೆ ಸೇರಿದವು, ನರವೂ ಬೇರೆ ಕಡೆಯಿಂದ ಬರುತ್ತದೆ. ಬೆನ್ನಿನ ಸ್ವಂತ ಸ್ನಾಯುಗಳಿಗೆ ನರ ಬರುವುದು ಬೆನ್ನುಹುರಿ ನರಗಳ ಹಿಂಬದಿಯ ಕವಲಿನಿಂದ, ಅಂದರೆ ಡಾರ್ಸಲ್ ರೇಮಸ್‌ನಿಂದ. ಅವುಗಳಲ್ಲಿ ಕುತ್ತಿಗೆಯ ಸ್ಪ್ಲೀನಿಯಸ್ ಎಳೆಗಳು ನಡುಗೆರೆಯಿಂದ ಮೇಲಕ್ಕೂ ಹೊರಕ್ಕೂ ಓಡುತ್ತವೆ. ಅದರ ಕೆಳಗಿನ ಎರೆಕ್ಟರ್ ಸ್ಪೈನೆಯ ಮೂರು ಕಂಬಗಳು, ಹೊರಗಿನಿಂದ ಒಳಕ್ಕೆ ಇಲಿಯೊಕಾಸ್ಟಾಲಿಸ್, ಲಾಂಜಿಸಿಮಸ್, ಸ್ಪೈನಾಲಿಸ್, ಹೆಚ್ಚುಕಮ್ಮಿ ನೆಟ್ಟಗೆ ಮೇಲಕ್ಕೆ ಹೋಗುತ್ತವೆ.

ಆ ಕಂಬಗಳನ್ನು ಪಕ್ಕಕ್ಕೆ ಸರಿಸಿದಾಗ ದಿಕ್ಕು ತಿರುಗಿತು. ಎಳೆಗಳು ಈಗ ಕಶೇರುಕದ ಪಕ್ಕದ ಚಾಚಿನಿಂದ, ಅಂದರೆ ಟ್ರಾನ್ಸ್‌ವರ್ಸ್ ಪ್ರೋಸೆಸ್‌ನಿಂದ ಹೊರಟು ಮೇಲಿನ ಕಶೇರುಕಗಳ ಹಿಂದಿನ ಚಾಚು, ಅಂದರೆ ಸ್ಪೈನಸ್ ಪ್ರೋಸೆಸ್ ಕಡೆಗೆ, ಮೇಲಕ್ಕೂ ಒಳಕ್ಕೂ ಓರೆಯಾಗಿ ಹತ್ತುತ್ತಿದ್ದವು. ನಾನು ಒಂದೇ ಮುದ್ದೆ ಅಂದುಕೊಂಡಿದ್ದು ಇದನ್ನೇ. ಇದರೊಳಗೂ ಪದರಗಳಿವೆ. ಸೆಮಿಸ್ಪೈನಾಲಿಸ್ ಸುಮಾರು 4ರಿಂದ 6 ಕಶೇರುಕ ದಾಟುತ್ತದೆ, ಮಲ್ಟಿಫಿಡಸ್ 2ರಿಂದ 4, ರೊಟೇಟರ್ಸ್ 1 ಅಥವಾ 2 ಮಾತ್ರ. ಆಳಕ್ಕೆ ಇಳಿದಷ್ಟೂ ಎಳೆ ಗಿಡ್ಡ, ಓರೆ ಜಾಸ್ತಿ. ಸೊಂಟದಲ್ಲಿ ಮಲ್ಟಿಫಿಡಸ್ ದಪ್ಪ, ಸೆಮಿಸ್ಪೈನಾಲಿಸ್ ಅಲ್ಲಿ ಇಲ್ಲವೇ ಇಲ್ಲ. ರೊಟೇಟರ್ಸ್ ಚೆನ್ನಾಗಿ ಸಿಗುವುದು ಎದೆಮಟ್ಟದ ಬೆನ್ನಿನಲ್ಲಿ, ನಾನು ಅತಿ ಶ್ರದ್ಧೆಯಿಂದ ಕೆರೆದ ಜಾಗದಲ್ಲೇ.

ರೊಟೇಟರ್ಸ್ ಅಂದರೆ ತಿರುಗಿಸುವವು ಎಂದು ಬಾಯಿಪಾಠ ಮಾಡಿದ್ದೆ. ಫೋರ್ಸೆಪ್ಸ್ ತುದಿಯಲ್ಲಿ ಒಂದನ್ನು ಎತ್ತಿ ನೋಡಿದಾಗಲೇ ಅನುಮಾನ ಬಂತು. ಇಷ್ಟು ತೆಳು ಎಳೆ, ಅದೂ ತಿರುಗುವ ಅಕ್ಷಕ್ಕೆ ಇಷ್ಟು ಹತ್ತಿರ, ಎಷ್ಟು ಬಲ ಕೊಟ್ಟೀತು? ಮೇಡಂ ಹೇಳಿದ್ದು ನನಗೆ ಹೊಸದಾಗಿತ್ತು: ಈ ಚಿಕ್ಕ ಸ್ನಾಯುಗಳಲ್ಲಿ ಹಿಗ್ಗುವಿಕೆಯನ್ನು ಗ್ರಹಿಸುವ ಮಸಲ್ ಸ್ಪಿಂಡಲ್‌ಗಳು ಒತ್ತಾಗಿವೆ, ಹಾಗಾಗಿ ಒಂದು ಕಶೇರುಕ ಇನ್ನೊಂದರ ಮೇಲೆ ಎಷ್ಟು ಸರಿಯಿತು ಎಂಬ ಸುದ್ದಿ ಮುಟ್ಟಿಸುವುದೇ ಇವುಗಳ ದೊಡ್ಡ ಕೆಲಸ ಇರಬಹುದು. ಸ್ಪಿಂಡಲ್ ಸ್ಲೈಡಿನಲ್ಲೇ ಕಾಣಬೇಕು, ಬರಿಗಣ್ಣಿಗಲ್ಲ. ಎಳೆಯನ್ನು ಮಾತ್ರ ಬೆರಳಲ್ಲಿ ಮುಟ್ಟಬಹುದು.

ಈಗ ನಾನು ಸ್ಕಾಲ್ಪೆಲ್ ಕೆಳಗಿಟ್ಟು ಮೊದಲು ಟ್ರಾನ್ಸ್‌ವರ್ಸ್ ಪ್ರೋಸೆಸ್‌ನ ತುದಿಯನ್ನು ಬೆರಳಿಂದ ಹುಡುಕುತ್ತೇನೆ. ಅಲ್ಲಿಂದ ಮೊಂಡು ಫೋರ್ಸೆಪ್ಸ್‌ನಲ್ಲಿ ಎಳೆ ಹಿಡಿದು ಮೇಲಕ್ಕೆ ಹೋಗುತ್ತೇನೆ. ಲ್ಯಾಮಿನಾ ಕತ್ತರಿಸುವ ದಿನ ಬಂದಾಗ ಕೆಲವು ಕಶೇರುಕಗಳ ಮಟ್ಟದಲ್ಲಿ ಎರಡೂ ಬದಿಯನ್ನು ಹಾಗೆಯೇ ಬಿಡುತ್ತೇನೆ. ಹುರಿಯ ಅಷ್ಟು ಭಾಗ ತೆರೆಯದೆ ಉಳಿಯುತ್ತದೆ, ಉಳಿಯಲಿ. ಮೊನ್ನೆ ಒಬ್ಬ ವಿದ್ಯಾರ್ಥಿನಿ ಆ ಬಿಟ್ಟ ಜಾಗದಲ್ಲಿ ಅರ್ಧ ಗಂಟೆ ಹುಡುಕಿ ಕೂಗಿದಳು: "ಮೇಡಂ, ಇದು ಒಂದೇ ಕಶೇರುಕ ದಾಟಿದೆ!"