ಸುದ್ದಿ ಕೊಟ್ಟವರು ಯಾರು ಅಂತ ಮೊದಲು ನೋಡಿ

ಹಳೆಯ ಸಾವಿನ ದಾಖಲೆ ಕೈಗೆ ಸಿಕ್ಕರೆ ಎಲ್ಲರ ಕಣ್ಣು ಮೊದಲು ಹೋಗುವುದು ಹೆಸರು, ತಾರೀಖು, ಕಾಯಿಲೆ ಇವುಗಳ ಕಡೆಗೆ. ಅದನ್ನೆಲ್ಲ ಆಮೇಲೆ ನೋಡಿ. ಸಾವಿನ ಸುದ್ದಿಯನ್ನು ಕಚೇರಿಗೆ ಬಂದು ಬರೆಸಿದವರು ಯಾರು? ಮೊದಲು ಆ ಕಾಲಂ ಓದಿ. ನನ್ನ ಸೊಸೆಯ ಮನೆತನ ನನಗೆ ತೆರೆದುಕೊಂಡಿದ್ದು ಅಲ್ಲಿಂದಲೇ.

ಸೊಸೆ ಐರ್ಲೆಂಡಿನವಳು. ಮೊಮ್ಮಗಳಿಗೋಸ್ಕರ ವಂಶವೃಕ್ಷ ಬರೆಯೋಣ ಅಂತ ಕೂತಾಗ ನಮ್ಮ ಕಡೆಯದು ಸುಲಭವಾಗಿ ತುಂಬಿತು. ಅವಳ ಅಮ್ಮನ ಕಡೆಯದು ಮಾತ್ರ ಮುತ್ತಜ್ಜನ ಹತ್ತಿರ ಬಂದು ನಿಂತುಬಿಟ್ಟಿತು. ಬೀಗಿತ್ತಿಯನ್ನು ಕೇಳಿದೆ. "ನಮ್ಮಜ್ಜ ಸರ್ಕಾರಿ ಕೆಲಸದಲ್ಲಿದ್ದರಂತೆ, 1934ರಲ್ಲಿ ಕ್ಲಾನ್‌ಮೆಲ್‌ನಲ್ಲಿ ತೀರಿಕೊಂಡರು" ಅಂದರು. ಯಾವ ಕೆಲಸ ಅಂದರೆ ಗೊತ್ತಿಲ್ಲ. ಅವರ ಅಮ್ಮ ಆ ಮಾತು ಬಂದಾಗಲೆಲ್ಲ ಬೇರೆ ಮಾತು ತೆಗೆಯುತ್ತಿದ್ದರಂತೆ.

ಐರ್ಲೆಂಡಿನಲ್ಲಿ ಸಾವುಗಳನ್ನು ಸರ್ಕಾರ ದಾಖಲು ಮಾಡಲು ಶುರುಮಾಡಿದ್ದು 1864ರ ಜನವರಿಯಿಂದ. 50 ವರ್ಷ ದಾಟಿದ ದಾಖಲೆಗಳ ಪುಟಗಳನ್ನು ಅಲ್ಲಿನ ಸರ್ಕಾರವೇ ಐರಿಷ್ ಜೀನಿಯಾಲಜಿ ಜಾಲತಾಣದಲ್ಲಿ ಬಿಟ್ಟಿಯಾಗಿ ಹಾಕಿದೆ. ಹೆಸರು, ವರ್ಷ, ಜಿಲ್ಲೆ ಕೊಟ್ಟರೆ ಅಂದು ಕೈಯಲ್ಲಿ ಬರೆದ ಪುಟವೇ ತೆರೆಯುತ್ತದೆ. 1922ರ ನಂತರದ ಉತ್ತರ ಐರ್ಲೆಂಡಿನ ದಾಖಲೆ ಮಾತ್ರ ಬೆಲ್‌ಫಾಸ್ಟಿನ ಕಚೇರಿಯದು. ಅದಕ್ಕೆ ದುಡ್ಡು ಕೊಡಬೇಕು.

ನಮಗೆ ಬೇಕಾದ ಪುಟ ಸಿಕ್ಕಿತು. ಒಂದೇ ಅಡ್ಡಸಾಲು. ವಿವಾಹಿತ, ವಯಸ್ಸು 70, ಹೃದ್ರೋಗ. ಉದ್ಯೋಗದ ಕಾಲಂನಲ್ಲಿ "ಪೊಲೀಸ್ ಪಿಂಚಣಿದಾರ" ಎಂದಿತ್ತು. ಮನೆಯವರು ಬಾಯಿಬಿಟ್ಟು ಹೇಳದೇ ಇದ್ದುದನ್ನು ಗುಮಾಸ್ತ ಬರೆದಿಟ್ಟಿದ್ದ. ಅದೇ ಸಾಲಿನಲ್ಲಿ ಸುದ್ದಿ ಕೊಟ್ಟವರ ಹೆಸರು: ಮಗಳು, ಸಾಯುವಾಗ ಹತ್ತಿರವಿದ್ದವಳು, ಮದುವೆಯಾದ ಮೇಲಿನ ಅಡ್ಡಹೆಸರು. ಆ ಅಡ್ಡಹೆಸರನ್ನು ಬೀಗಿತ್ತಿಗೆ ಓದಿ ಹೇಳಿದೆ. "ಅಯ್ಯೋ, ಅದು ನಮ್ಮ ಲಿವರ್‌ಪೂಲ್ ಆಂಟಿ ಅಲ್ವಾ!" ಅಂದರು. ಚಿಕ್ಕವರಿದ್ದಾಗ ಕ್ರಿಸ್‌ಮಸ್ಸಿಗೆ ಆ ಆಂಟಿಯಿಂದ ಪಾರ್ಸೆಲ್ ಬರುತ್ತಿತ್ತಂತೆ. ಆದರೆ ಆಕೆ ತಮಗೆ ಏನಾಗಬೇಕು ಅನ್ನುವುದು ಇವರಿಗೆ ಗೊತ್ತೇ ಇರಲಿಲ್ಲ. ತಮ್ಮ ಅಮ್ಮನ ಸ್ವಂತ ಅಕ್ಕ!

ಹಳೆಯ ಐರಿಷ್ ಸಾವಿನ ದಾಖಲೆಯಲ್ಲಿ ಅಪ್ಪ ಅಮ್ಮನ ಹೆಸರು ಇರುವುದಿಲ್ಲ. ಸ್ಕಾಟ್ಲೆಂಡಿನದರಲ್ಲಿ 1855ರಿಂದಲೇ ಇರುತ್ತದೆ, ಅಲ್ಲಿನವರು ಪುಣ್ಯವಂತರು. ಇಲ್ಲಿ ಸಂಬಂಧ ಹಿಡಿಯಲು ಇರುವ ಎಳೆ ಈ ಸುದ್ದಿ ಕೊಟ್ಟವರ ಕಾಲಂ ಒಂದೇ. ಓದುಬರಹ ಬಾರದವರು ಸಹಿಯ ಬದಲು X ಗುರುತು ಹಾಕಿರುತ್ತಾರೆ. ವಿಳಾಸ ಇದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ. ವಯಸ್ಸನ್ನು ಮಾತ್ರ ಜಾಸ್ತಿ ನಂಬಬೇಡಿ. ಅದು ಹೇಳಿದವರ ಅಂದಾಜು. ಇವರ ನಿಜವಾದ ವಯಸ್ಸು 66 ಅಂತ ಆಮೇಲೆ ಗೊತ್ತಾಯಿತು.

ಪತ್ರಿಕೆಯ ನಿಧನ ವಾರ್ತೆ ಹುಡುಕಿದೆ. ಸ್ಥಳೀಯ ವಾರಪತ್ರಿಕೆಯಲ್ಲಿ ಅರ್ಧ ಕಾಲಂ ಸಿಕ್ಕಿತು. "ಊರಿನ ಗೌರವಾನ್ವಿತ ನಿವಾಸಿ, ಬಹುಕಾಲ ಸಾರ್ವಜನಿಕ ಸೇವೆಯಲ್ಲಿದ್ದವರು" ಅನ್ನುವ ಅರ್ಥದ ಎರಡು ಸಾಲು. ಪೊಲೀಸ್ ಅನ್ನುವ ಪದ ಎಲ್ಲೂ ಇಲ್ಲ. ಆದರೆ ಕೊನೆಯಲ್ಲಿ ಅಂತ್ಯಕ್ರಿಯೆಗೆ ಬಂದ ಮುಖ್ಯ ಬಂಧುಗಳ ಪಟ್ಟಿ ಇತ್ತು. ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು. ಹೆಣ್ಣುಮಕ್ಕಳಿಗೆ ಗಂಡನ ಅಡ್ಡಹೆಸರು, ಕಂಸದಲ್ಲಿ ಊರು. ಲಿವರ್‌ಪೂಲ್ ಅಲ್ಲೂ ಇತ್ತು. ಕಡೆಯಲ್ಲಿ ಒಬ್ಬ ತಮ್ಮ, ಲೀಟ್ರಿಮ್‌ನಿಂದ ಬಂದವನು. ಕ್ಲಾನ್‌ಮೆಲ್ ಇರುವುದು ದಕ್ಷಿಣದ ಟಿಪ್ಪೆರರಿಯಲ್ಲಿ. ಲೀಟ್ರಿಮ್ ಅಲ್ಲಿಂದ ಬಹಳ ದೂರ, ಉತ್ತರಕ್ಕೆ. ಹೊಗಳಿಕೆಯ ಸಾಲುಗಳಿಗಿಂತ ಈ ಪಟ್ಟಿ ನೂರು ಪಾಲು ಮೇಲು.

ಪೊಲೀಸ್ ಅನ್ನುವುದನ್ನು ಯಾಕೆ ಮುಚ್ಚಿಟ್ಟರು? 1922ರವರೆಗೆ ಡಬ್ಲಿನ್ ನಗರ ಬಿಟ್ಟು ಇಡೀ ಐರ್ಲೆಂಡಿಗೆ ಇದ್ದ ಪೊಲೀಸ್ ಪಡೆ ರಾಯಲ್ ಐರಿಷ್ ಕಾನ್‌ಸ್ಟಾಬ್ಯುಲರಿ. ಪೇದೆಗಳಲ್ಲಿ ಬಹುಪಾಲು ಕ್ಯಾಥೊಲಿಕರು, ಎಷ್ಟೋ ಜನ ರೈತರ ಮಕ್ಕಳು. ಆದರೆ ಸಂಬಳ ಕೊಡುತ್ತಿದ್ದುದು ಬ್ರಿಟಿಷ್ ಸರ್ಕಾರ. 1919ರಿಂದ 1921ರವರೆಗಿನ ಸ್ವಾತಂತ್ರ್ಯ ಯುದ್ಧದಲ್ಲಿ ಅವರ ಮೇಲೆ ದಾಳಿ ಆಯಿತು, ಊರವರು ಬಹಿಷ್ಕಾರ ಹಾಕಿದರು. 1920ರಲ್ಲಿ ಬ್ರಿಟನ್ನಿನಿಂದ ಹೊಸಬರನ್ನು ತಂದು ಇದೇ ಪಡೆಗೆ ಸೇರಿಸಿದರು. ಅವರೇ ಬ್ಲ್ಯಾಕ್ ಅಂಡ್ ಟ್ಯಾನ್‌ಗಳು. ಅವರು ನಡೆಸಿದ ದೌರ್ಜನ್ಯದ ಹೆಸರು ಇಡೀ ಪಡೆಗೆ ಅಂಟಿಕೊಂಡಿತು. ಆಮೇಲೆ ಎಷ್ಟೋ ಮನೆಗಳಲ್ಲಿ ಅಜ್ಜನ ಕೆಲಸದ ಮಾತೇ ಎತ್ತುತ್ತಿರಲಿಲ್ಲ.

ಬೀಗಿತ್ತಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ಟ್ಯಾನ್ ಆಗಿದ್ದರಾ?" ಅಂತ ಕೇಳಿದರು. ಆ ಪ್ರಶ್ನೆಗೆ ಸುಮ್ನೆ ಸಮಾಧಾನದ ಮಾತು ಹೇಳಿದರೆ ಸಾಲದು. ಕಾಗದವೇ ತೋರಿಸಬೇಕು.

ಆ ಕಾಗದ ಇರುವುದು ಲಂಡನ್ನಿನ ಕ್ಯೂ ಅನ್ನುವ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ, ಅಂದರೆ ಬ್ರಿಟಿಷ್ ಸರ್ಕಾರದ ದಾಖಲೆ ಭಂಡಾರದಲ್ಲಿ, ಎಚ್‌ಓ 184 ಅನ್ನುವ ಸರಣಿಯಲ್ಲಿ. ಪಡೆಯ ಸೇವಾ ರಿಜಿಸ್ಟರ್ ಅದು. ಚಂದಾ ಕಟ್ಟುವ ಜಾಲತಾಣಗಳಲ್ಲೂ ಪ್ರತಿ ಸಿಗುತ್ತದೆ. ಒಬ್ಬೊಬ್ಬ ಪೊಲೀಸನಿಗೆ ಒಂದೊಂದು ಸಾಲು, ಆ ಸಾಲಿನಲ್ಲಿ ಒಂದು ಬದುಕೇ ಇದೆ. ಸೇವಾ ಸಂಖ್ಯೆ, ವಯಸ್ಸು, ಎತ್ತರ, ಹುಟ್ಟಿದ ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ), ಧರ್ಮ, ಶಿಫಾರಸು ಮಾಡಿದವರು, ಮದುವೆಯ ತಾರೀಖು, ಹೆಂಡತಿಯ ಕೌಂಟಿ, ಎಲ್ಲೆಲ್ಲಿ ಕೆಲಸ ಮಾಡಿದ, ಯಾವಾಗ ಬಿಟ್ಟ. ಹೆಂಡತಿಯ ಹೆಸರು ಮಾತ್ರ ಇಲ್ಲ.

ನಮ್ಮವರು 1888ರಲ್ಲಿ 20ನೇ ವಯಸ್ಸಿಗೆ ಸೇರಿದ್ದರು. ಹುಟ್ಟಿದ್ದು ಲೀಟ್ರಿಮ್. ಮೊದಲು ಕೆಲಸ ಕಾರ್ಕ್‌ನಲ್ಲಿ. 1902ರಲ್ಲಿ ಮದುವೆ, ಹೆಂಡತಿ ಕಾರ್ಕ್‌ನವಳು. ಮದುವೆಯ ಬೆನ್ನಿಗೇ ಟಿಪ್ಪೆರರಿಗೆ ವರ್ಗ. ಅದು ಶಿಕ್ಷೆಯ ವರ್ಗ ಅಲ್ಲ, ಪಡೆಯ ನಿಯಮವೇ ಹಾಗಿತ್ತು. ತನ್ನ ಹುಟ್ಟೂರಿನ ಕೌಂಟಿಯಲ್ಲೂ ಕೆಲಸ ಮಾಡುವಂತಿಲ್ಲ, ಹೆಂಡತಿಯ ಕೌಂಟಿಯಲ್ಲೂ ಮಾಡುವಂತಿಲ್ಲ. ಏಳು ವರ್ಷ ಸೇವೆ ಆಗುವವರೆಗೆ ಮದುವೆಗೂ ಅನುಮತಿ ಇರಲಿಲ್ಲ. ಲೀಟ್ರಿಮ್‌ನ ಹುಡುಗ ಕ್ಲಾನ್‌ಮೆಲ್‌ನಲ್ಲಿ ಮಣ್ಣಾದದ್ದು ಹೇಗೆ ಅನ್ನುವುದಕ್ಕೆ ಈ ನಿಯಮವೇ ಉತ್ತರ. ಪ್ರೀತಿಸಿದ್ದಕ್ಕೆ ಊರು ಬಿಡಬೇಕಾಯಿತು ನೋಡಿ.

ಕೊನೆಯ ಕಾಲಂನಲ್ಲಿ 1913, ಪಿಂಚಣಿಯೊಂದಿಗೆ ನಿವೃತ್ತಿ. ಬ್ಲ್ಯಾಕ್ ಅಂಡ್ ಟ್ಯಾನ್‌ಗಳು ಬರುವುದಕ್ಕೆ ಏಳು ವರ್ಷ ಮೊದಲು. ಆ ಸಾಲನ್ನು ದೊಡ್ಡದು ಮಾಡಿ ಬೀಗಿತ್ತಿಗೆ ಕಳಿಸಿದೆ. ಅವರು ಅದನ್ನು ತಮ್ಮ ತಂಗಿಯರಿಗೆಲ್ಲ ಕಳಿಸಿದರು. ಇಡೀ ಮನೆತನ ನೂರು ವರ್ಷ ಹೆದರಿದ್ದು ಈ ಒಂದು ತಾರೀಖು ಗೊತ್ತಿಲ್ಲದೆ. ಅಕಸ್ಮಾತ್ ಅವರು 1920ರಲ್ಲೂ ಪಡೆಯಲ್ಲೇ ಇದ್ದಿದ್ದರೂ ನಾನು ಅದನ್ನು ಹಾಗೇ ಹೇಳುತ್ತಿದ್ದೆ. ಆಗಲೂ ಅವರು ಮೊಮ್ಮಗಳ ಹಿರಿಯರೇ.

ಜನಗಣತಿಯಲ್ಲಿ ಪೊಲೀಸರನ್ನು ಹುಡುಕುವವರು ಒಂದು ವಿಷಯ ತಿಳಿದಿರಬೇಕು. 1901 ಮತ್ತು 1911ರ ಐರಿಷ್ ಜನಗಣತಿ ಪೂರ್ತಿ ಉಳಿದಿದೆ, ಬಿಟ್ಟಿಯಾಗಿಯೂ ಸಿಗುತ್ತದೆ. ಆದರೆ ಬ್ಯಾರಕ್ಕಿನಲ್ಲಿದ್ದ ಪೊಲೀಸರದ್ದು ಫಾರಂ ಎಚ್ ಅನ್ನುವ ಬೇರೆ ಹಾಳೆ. ಅದರಲ್ಲಿ ಪೂರ್ತಿ ಹೆಸರಿಲ್ಲ, ಮೊದಲಕ್ಷರಗಳು ಮಾತ್ರ. ಹೆಸರು ಹೊಡೆದು ಹುಡುಕಿದರೆ ಏನೂ ಬರುವುದಿಲ್ಲ. ವಯಸ್ಸು, ಧರ್ಮ, ಹುಟ್ಟಿದ ಕೌಂಟಿ ಇಟ್ಟುಕೊಂಡು ಸೇವಾ ರಿಜಿಸ್ಟರ್ ಜೊತೆ ತಾಳೆ ನೋಡಬೇಕು. ನಮ್ಮವರು 1901ರಲ್ಲಿ ಕಾರ್ಕ್‌ನ ಒಂದು ಬ್ಯಾರಕ್ಕಿನಲ್ಲಿ ಎರಡು ಅಕ್ಷರವಾಗಿ ಇದ್ದಾರೆ: 33 ವರ್ಷ, ಅವಿವಾಹಿತ, ಲೀಟ್ರಿಮ್. 1911ರಲ್ಲಿ ಮನೆ ಮಾಡಿದ್ದರು. ಅಲ್ಲಿ ಹೆಂಡತಿ ಮಕ್ಕಳ ಹೆಸರೆಲ್ಲ ಪೂರ್ತಿ ಇದೆ, ಲಿವರ್‌ಪೂಲ್ ಆಂಟಿ ಪುಟ್ಟ ಹುಡುಗಿಯಾಗಿ ಕೂಡ.

ನಿಮ್ಮವರು ಆ ಯುದ್ಧದಲ್ಲೇ ಸತ್ತ ಪೊಲೀಸರಾಗಿದ್ದರೆ ದಾರಿ ಬೇರೆ. 1920ರ ಆಗಸ್ಟಿನಲ್ಲಿ ಬ್ರಿಟಿಷ್ ಸರ್ಕಾರ ತಂದ ಕಾಯ್ದೆಯ ನಂತರ ಎಷ್ಟೋ ಕಡೆ ಮಾಮೂಲಿ ಶವ ತನಿಖೆ ನಿಲ್ಲಿಸಿ ಸೇನೆಯವರೇ ವಿಚಾರಣೆ ಮಾಡಿದರು. ಆ ಕಡತಗಳು ಕ್ಯೂನಲ್ಲಿ ಡಬ್ಲ್ಯುಓ 35 ಸರಣಿಯಲ್ಲಿವೆ. ಸಾಕ್ಷಿಗಳ ಹೇಳಿಕೆ, ವೈದ್ಯರ ವರದಿ ಎಲ್ಲ ಇರುತ್ತದೆ. ಮನಸ್ಸು ಗಟ್ಟಿ ಮಾಡಿಕೊಂಡು ಓದಿ. ಸಮಾಧಿ ಕಲ್ಲನ್ನೂ ನೋಡಿ, ಎಷ್ಟೋ ಕಲ್ಲುಗಳನ್ನು ಜೊತೆಗಾರ ಪೊಲೀಸರೇ ಹಾಕಿಸಿದ್ದಾರೆ.

ನಾನೀಗ 1902ರ ಮದುವೆ ದಾಖಲೆಯ ಮೇಲಿದ್ದೇನೆ. ಅದರಲ್ಲಿ ಗಂಡು ಹೆಣ್ಣು ಇಬ್ಬರ ತಂದೆಯರ ಹೆಸರೂ ಉದ್ಯೋಗವೂ ಇದೆ. ಮುತ್ತಜ್ಜನ ತಂದೆ ರೈತ. ಆ ಹೆಸರು ಹಿಡಿದು ಲೀಟ್ರಿಮ್‌ನ ಕ್ಯಾಥೊಲಿಕ್ ಚರ್ಚ್ ರಿಜಿಸ್ಟರ್‌ಗಳನ್ನು ಓದುತ್ತಿದ್ದೇನೆ. ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಅವನ್ನೆಲ್ಲ 2015ರಲ್ಲೇ ಬಿಟ್ಟಿಯಾಗಿ ಹಾಕಿದೆ. ಶಾಯಿ ಮಾಸಿದೆ, ಅರ್ಧಕ್ಕರ್ಧ ಲ್ಯಾಟಿನ್. 1868ರ ಆಸುಪಾಸಿನಲ್ಲಿ ಅದೇ ಹೆಸರಿನ ಮಕ್ಕಳು ಒಂದಕ್ಕಿಂತ ಹೆಚ್ಚು ಕಾಣುತ್ತಿದ್ದಾರೆ. ಅಂಥ ರಿಜಿಸ್ಟರ್ ಓದಿ ಅಭ್ಯಾಸ ಇರುವವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ಬರೆಯಿರಿ. ಪುಟಗಳ ಫೋಟೋ ಕಳಿಸುತ್ತೇನೆ.